ಊರಾಚೆಯ ಇಪ್ಪತ್ತು ಗುಂಟೆ

ತುಮಕೂರು, ಚಿತ್ರದುರ್ಗಗಳ ನಡುವೆ ಮಳೆ ನಂಬಿ ರಾಗಿ, ಶೇಂಗಾ ಬಿತ್ತುವ ಬಯಲು ನನ್ನ ಸೀಮೆ. ಅಲ್ಲಿನ ಹಳ್ಳಿಗಳ ಸ್ಮಶಾನಗಳನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ಗೇಟು, ಕಾಂಪೌಂಡು, ಹೆಸರಿನ ಬೋರ್ಡು ಯಾವುದೂ ಅವಕ್ಕೆ ಇರಲಿಲ್ಲ. ಕೆರೆ ಏರಿಯ ಹಿಂದೆಯೋ, ಹಳ್ಳದ ದಂಡೆಯಲ್ಲೋ, ಗೋಮಾಳದ ಒಂದು ಮೂಲೆಯಲ್ಲೋ ನೇಗಿಲು ತಾಕದ ಹತ್ತಿಪ್ಪತ್ತು ಗುಂಟೆ ನೆಲ. ಅದರ ತುಂಬ ಎಕ್ಕ, ತಂಗಡಿ, ಕತ್ತಾಳೆ, ಈಚೆಗೆ ಬಳ್ಳಾರಿ ಜಾಲಿ. ಹೊಸ ಗುಂಡಿಯ ಮೇಲೆ ಏರಿಸಿದ ಮಣ್ಣು ಎರಡು ಮಳೆಗಾಲದಲ್ಲಿ ಇಳಿದು ನೆಲಕ್ಕೆ ಸಮವಾಗುತ್ತಿತ್ತು. ತಲೆಯ ಕಡೆ ನೆಟ್ಟ ಒಂದು ಕಾಡುಗಲ್ಲು, ಒಡೆದ ಮಡಕೆಯ ಚೂರು, ಹಾಲುತುಪ್ಪದ ದಿನ ಇಟ್ಟ ಎಡೆಯ ಎಲೆ, ಇಷ್ಟೇ ಗುರುತು. ಇಂಥ ಜಾಗಕ್ಕೂ ಚರಿತ್ರೆ ಇದ್ದೀತೆಂದು ಯಾರೂ ಕೇಳುವುದಿಲ್ಲ. ಊರಿನ ಹಳೆಯ ಸಂಗತಿ ಹೇಳಿ ಅಂದರೆ ಜನ ದೇವಸ್ಥಾನ ಎತ್ತಿಸಿದವರನ್ನು, ಕೆರೆ ಕಟ್ಟಿಸಿದವರನ್ನು, ಪಾಳೇಗಾರರ ಕಾಲದ ಬುರುಜನ್ನು ನೆನೆಯುತ್ತಾರೆ. ಸ್ಮಶಾನದ ಮಾತು ಬಂದರೆ ಅಶುಭವೆಂದು ಅಲ್ಲಿಗೇ ನಿಲ್ಲಿಸುತ್ತಾರೆ. ಇಷ್ಟು ವರ್ಷ ಕಂಡದ್ದರಿಂದ, ಕೈಗೆ ಸಿಕ್ಕ ಕಂದಾಯದ ಕಾಗದಗಳಿಂದ ನನಗೆ ಖಚಿತವಾಗಿರುವುದು ಬೇರೆ. ಹಳ್ಳಿಯ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು ಸ್ಮಶಾನದ ಚರಿತ್ರೆ. ಅದನ್ನು ಬರೆಯದೆ ಬಿಟ್ಟಿದ್ದರಿಂದಲೇ ಆ ನೆಲ ಇವತ್ತು ಊರಿನ ಕೈತಪ್ಪುತ್ತಿದೆ.

ಹೀಗೆ ಹೇಳಲು ಕಾರಣವಿದೆ. ಜಮೀನಿದ್ದವರಿಗೆ ಊರ ಸ್ಮಶಾನ ಬೇಕೇಬೇಕು ಅಂತೇನೂ ಇರಲಿಲ್ಲ. ನಮ್ಮ ಕಡೆ ಲಿಂಗಾಯತರಿರಲಿ, ಒಕ್ಕಲಿಗರಿರಲಿ, ಕುರುಬರಿರಲಿ, ಹೊಲ ತೋಟ ಇದ್ದ ಮನೆತನದವರು ತಮ್ಮ ಹಿರಿಯರನ್ನು ತಮ್ಮ ಬದುವಿನಲ್ಲೇ, ತೆಂಗಿನ ತೋಟದ ಮೂಲೆಯಲ್ಲೇ ಮಣ್ಣು ಮಾಡುವುದು ರೂಢಿ. ಅಲ್ಲಿ ಗದ್ದುಗೆ ಕಟ್ಟಿಸುತ್ತಾರೆ, ಪಿತೃಪಕ್ಷದಲ್ಲಿ ಹೋಗಿ ಪೂಜೆ ಮಾಡಿ ಬರುತ್ತಾರೆ, ಹೊಲ ಮಾರುವ ಕಾಲ ಬಂದರೂ ಸಮಾಧಿಯ ಸುತ್ತಲಿನ ನಾಲ್ಕು ಮೊಳ ಬಿಟ್ಟು ಮಾರುವವರಿದ್ದಾರೆ. ಊರ ಸ್ಮಶಾನಕ್ಕೆ ಬರುತ್ತಿದ್ದವರು ಮಿಕ್ಕವರು. ಕೂಲಿಯವರು, ಜೀತಕ್ಕಿದ್ದವರು, ಎಲ್ಲಿಂದಲೋ ಬಂದು ನೆಲೆನಿಂತ ಕಸುಬಿನವರು, ಊರು ಕೇರಿ ಗೊತ್ತಿಲ್ಲದೆ ಬಂದು ಚಾವಡಿಯಲ್ಲಿ ಪ್ರಾಣ ಬಿಟ್ಟವರು. ಬದುಕಿದ್ದಾಗ ತನ್ನದೆನ್ನಲು ಒಂದು ಗುಂಟೆಯೂ ಇಲ್ಲದ ಮನುಷ್ಯನಿಗೂ ಈ ಊರಿನ ನೆಲದಲ್ಲಿ ಪಾಲಿದೆ ಎಂದು ಊರು ಒಪ್ಪಿಕೊಂಡಿದ್ದ ಜಾಗ ಅದೊಂದೇ. ಅವನ ಹೆಸರು ಪಹಣಿಯಲ್ಲಿ ಬರಲಿಲ್ಲ, ಕಂದಾಯದ ರಸೀದಿಯಲ್ಲಿ ಬರಲಿಲ್ಲ, ಗುಡಿಗೆ ದಾನ ಕೊಟ್ಟವರ ಕಲ್ಲಿನಲ್ಲೂ ಬರಲಿಲ್ಲ. ಹಾಗಾಗಿ ಆ ಇಪ್ಪತ್ತು ಗುಂಟೆಯ ಚರಿತ್ರೆ ಭೂಹೀನರ ಹಕ್ಕುಪತ್ರ. ಪತ್ರವೇ ಇಲ್ಲದವನ ಹಕ್ಕು ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಗೋರಿಗಳಿಂದ ಚರಿತ್ರೆ ಓದುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. 19ನೇ ಶತಮಾನದ ನಡುವಿನಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್, ರಾಜನಕೋಳೂರು, ಜೇವರ್ಗಿಗಳ ಸುತ್ತಲಿನ ಕಲ್ಲುಗೋರಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದಿಟ್ಟ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು, 1947ರಲ್ಲಿ ಮಾರ್ಟಿಮರ್ ವೀಲರ್ ಆಮೇಲೆ ಉತ್ಖನನ ಮಾಡಿದರು. ದಕ್ಷಿಣ ಭಾರತದ ಪ್ರಾಚೀನ ಕಾಲಘಟ್ಟಗಳನ್ನು ಒಂದರ ಮೇಲೊಂದು ಜೋಡಿಸಲು ವಿದ್ವಾಂಸರಿಗೆ ದಾರಿ ಸಿಕ್ಕಿದ್ದರಲ್ಲಿ ಆ ಬೆಟ್ಟದ ಬುಡದ ಊರು ಮತ್ತು ಗೋರಿಗಳ ಪಾಲು ದೊಡ್ಡದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ; 2021ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಈ ಜಾಗಗಳನ್ನು ಉಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ್ನು ನೋಡುವಾಗ ಒಂದು ಲೆಕ್ಕ ಮನಸ್ಸಿನಲ್ಲಿರಬೇಕು. ಆಳೆತ್ತರದ ಹಾಸುಗಲ್ಲನ್ನು ಬಂಡೆಯಿಂದ ಎಬ್ಬಿಸಿ, ಎಳೆದು, ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಮತ್ತೊಂದನ್ನು ಹೊದಿಸಲು ಹತ್ತಾರು ಜನರ ರಟ್ಟೆ ಬೇಕು. ರಟ್ಟೆ ಕೊಟ್ಟವರೆಲ್ಲರಿಗೂ ಕಲ್ಲಿನ ಕೋಣೆ ಸಿಕ್ಕಿರಲಾರದು. ಅಂದರೆ ಮೂರು ಸಾವಿರ ವರ್ಷದ ಹಿಂದಿನ ಗೋರಿಯೂ ಹೇಳುವುದು ಊರಿನ ಅರ್ಧ ಕಥೆಯನ್ನೇ. ಕಲ್ಲು ಎಳೆದವರು ಎಲ್ಲಿ ಮಣ್ಣಾದರು ಎಂಬುದು ಆಗಲೂ ದಾಖಲಾಗಲಿಲ್ಲ.

ಆಮೇಲಿನ ಕಾಲದ ಕಥೆಯೂ ಇದೇ ಜಾಡಿನದು. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳ್ಳಿ ಹಳ್ಳಿಯ ವೀರಗಲ್ಲು, ಮಾಸ್ತಿಕಲ್ಲುಗಳು ಬಂದವು. ತುರು ಮರಳಿ ತರಲು ಹೋಗಿ ಸತ್ತವನು, ಊರಳಿವಿನಲ್ಲಿ ಕಾದು ಬಿದ್ದವನು, ಹುಲಿಯೊಡನೆ ಹೋರಿದವನು, ಇವರಲ್ಲಿ ತೀರ ಸಾಮಾನ್ಯರೂ ಇದ್ದಾರೆ. ಆ ಕಲ್ಲುಗಳಿಲ್ಲದಿದ್ದರೆ ಅವರ ಹೆಸರು ನಮಗೆ ಸಿಗುತ್ತಿರಲಿಲ್ಲ. ಆದರೆ ಕಲ್ಲು ಸಿಗಲು ಕಾದಿ ಸಾಯಬೇಕಿತ್ತು. ಬಾಳಿ ಸತ್ತರೆ ಸಾಕಾಗುತ್ತಿರಲಿಲ್ಲ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವನ್ನೂ ಇಲ್ಲಿ ನೆನೆಯಬೇಕು. 1799ರ ಯುದ್ಧ ಮತ್ತು ಅದರ ನಂತರದ ವರ್ಷಗಳಲ್ಲಿ ಅಲ್ಲಿ ಸತ್ತ ಐರೋಪ್ಯ ಸೈನಿಕರು, ಅವರ ಹೆಂಡಿರು ಮಕ್ಕಳು ಅಲ್ಲಿದ್ದಾರೆ. ಅವರಲ್ಲಿ ಬಹಳ ಜನ ಸ್ವಿಟ್ಜರ್‌ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿಗೆ ಸೇರಿದವರು. ಇನ್ನೂರು ವರ್ಷಗಳ ಮೇಲೆ, ಆ ರೆಜಿಮೆಂಟು ಕಟ್ಟಿದ ಮನೆತನದ ವಂಶಸ್ಥರು ಹಣ ಕೊಟ್ಟು ಆ ಗೋರಿಗಳನ್ನು ದುರಸ್ತಿ ಮಾಡಿಸಿದರು. ಕಲ್ಲಿನ ಮೇಲೆ ಹೆಸರಿತ್ತು, ಹೆಸರು ಹಿಡಿದು ಬರುವವರಿದ್ದರು. ಅಲ್ಲಿಂದ ಕೂಗಳತೆಯ ಹಳ್ಳಿಗಳಲ್ಲಿ ಅದೇ ಕಾಲದಲ್ಲಿ ಸತ್ತ ಸಾವಿರಾರು ರೈತರು, ಕೂಲಿಗಳು ಎಲ್ಲಿ ಮಲಗಿದ್ದಾರೆಂದು ಕೇಳಿದರೆ ಕೈ ತೋರಿಸಲು ಜಾಗವಿಲ್ಲ. ಪರದೇಶದವರ ಗೋರಿ ಉಳಿಯಿತೆಂಬ ಅಸೂಯೆ ನನಗಿಲ್ಲ. ನಮ್ಮವರದು ಅಳಿಸಿಹೋಯಿತಲ್ಲ ಎಂಬುದು ಸಂಕಟ.

ಹಾಗಾದರೆ ಹಳ್ಳಿಯ ಸ್ಮಶಾನದ ಚರಿತ್ರೆಗೆ ಆಕರ ಎಲ್ಲಿದೆ? ಕಲ್ಲಿನಲ್ಲಿಲ್ಲ, ಕಂದಾಯದ ದಫ್ತರದಲ್ಲಿದೆ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಮುಂಬಯಿ ಪ್ರಾಂತ್ಯದ ಜಿಲ್ಲೆಗಳಲ್ಲಿ ಅದಕ್ಕೂ ಮೊದಲು. ಸರಪಳಿ ಎಳೆದು, ಗಡಿಕಲ್ಲು ನೆಟ್ಟು, ಪ್ರತಿ ತುಂಡಿಗೂ ನಂಬರು ಕೊಟ್ಟು, ಯಾವುದಕ್ಕೆ ಎಷ್ಟು ಕಂದಾಯ, ಯಾವುದಕ್ಕೆ ಇಲ್ಲ ಎಂದು ಬರೆದುಕೊಂಡು ಹೋದರು. ಕಂದಾಯ ಹಾಕದೆ ಬಿಟ್ಟದ್ದು ಕರಾಬು. ಅದರಲ್ಲಿ ಎರಡು ಬಗೆ. ಕಲ್ಲು, ಕಣ, ಕೊಟ್ಟಿಗೆ ಎಂದು ಬೇಸಾಯಕ್ಕೆ ಬಾರದ್ದು ‘ಎ’ ಕರಾಬು. ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು ‘ಬಿ’ ಕರಾಬು. 1966ರ ಕರ್ನಾಟಕ ಭೂಕಂದಾಯ ನಿಯಮಗಳು ರಸ್ತೆ, ಕಾಲುದಾರಿ, ಕೆರೆ, ಹಳ್ಳಗಳ ಜೊತೆಯಲ್ಲೇ ಹೂಳುವ ಸುಡುವ ಜಾಗವನ್ನೂ, ಕುಂಬಾರರು ಮಣ್ಣು ತೆಗೆಯುವ ಜಾಗವನ್ನೂ ಇದರಲ್ಲಿ ಸೇರಿಸಿವೆ. ಈ ಪಟ್ಟಿಯನ್ನು ಓದಿದಾಗಲೆಲ್ಲ ನನಗೆ ಹಳೆಯ ಹಳ್ಳಿಯ ಬಾಳು ಕಣ್ಣಿಗೆ ಕಟ್ಟುತ್ತದೆ. ಎಲ್ಲರೂ ನಡೆಯುವ ದಾರಿ, ಎಲ್ಲರೂ ಕುಡಿಯುವ ನೀರು, ಎಲ್ಲರ ಮನೆಗೂ ಬೇಕಾದ ಮಡಕೆಯ ಮಣ್ಣು, ಎಲ್ಲರೂ ಕಡೆಗೆ ಹೋಗುವ ನೆಲ. ಒಬ್ಬನದಾಗಬಾರದ್ದು ಯಾವುದೆಂದು ನಮ್ಮ ಹಳ್ಳಿಗಳಿಗೆ ತಿಳಿದಿತ್ತು, ಸರ್ವೆಯವರು ಅದನ್ನು ಬರೆದುಕೊಂಡರು. ಭೂಕಂದಾಯ ಅಧಿನಿಯಮ ಬಂದದ್ದು 1964ರಲ್ಲಿ. ಅದರ 71ನೇ ಕಲಮಿನಂತೆ ಸರ್ಕಾರಿ ಜಮೀನನ್ನು ದನ ಮೇಯಿಸಲು, ಕಾಡಿಗೆ, ಬೇರೆ ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಸ್ಮಶಾನಕ್ಕೆ ಜಾಗ ಕಾದಿರಿಸುವುದೂ ಇದರಡಿಯಲ್ಲೇ. ಗ್ರಾಮನಕ್ಷೆ, ಆಕಾರಬಂದು, ಟಿಪ್ಪಣಿ, ಪಹಣಿ ಇವನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಒಂದು ಸ್ಮಶಾನ ಯಾವಾಗಿನಿಂದ ಸ್ಮಶಾನ, ಎಷ್ಟಿತ್ತು, ಎಷ್ಟಾಯಿತು ಎಂದು ಬಹಳಷ್ಟು ಸಲ ತಿಳಿಯುತ್ತದೆ.

ಬಹಳಷ್ಟು ಸಲ ಅಂದೆ, ಯಾವಾಗಲೂ ಅಲ್ಲ. ತೊಂದರೆ ಇರುವುದು ಇಲ್ಲೇ. ಊರವರು ತಲೆಮಾರುಗಳಿಂದ ಹೆಣ ಹೂಳುತ್ತಿದ್ದ ಎಷ್ಟೋ ಜಾಗಗಳು ದಫ್ತರದಲ್ಲಿ ಸ್ಮಶಾನವೆಂದು ಬಂದಿಲ್ಲ. ಅಲ್ಲಿ ಅವು ಗೋಮಾಳ, ಬೀಳು, ಕೆರೆ ಅಂಗಳ, ಹಳ್ಳ. ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಬರೆಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಆಮೇಲೆ ಗೋಮಾಳಕ್ಕೆ ಕೈಬಿದ್ದಿತು. ಬಗರ್ ಹುಕುಂ ಸಾಗುವಳಿಯನ್ನು ಸಕ್ರಮ ಮಾಡಲು ನಮೂನೆ 50, ಆಮೇಲೆ 53, ಇತ್ತೀಚೆಗೆ 57 ಎಂದು ಅರ್ಜಿಗಳನ್ನು ಕರೆಯುತ್ತ ಹೋದಂತೆ ಗೋಮಾಳಗಳು ತುಂಡು ತುಂಡಾಗಿ ಹಂಚಿಕೆಯಾದವು. ನಿಜವಾದ ಬಡವರಿಗೂ ಇದರಿಂದ ಭೂಮಿ ಸಿಕ್ಕಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ದಫ್ತರದಲ್ಲಿ ಬರೀ ಗೋಮಾಳವೆಂದಿದ್ದ ಕಡೆ, ಅದರ ಮೂಲೆಯಲ್ಲಿ ಮೂರು ತಲೆಮಾರಿನ ಹೆಣಗಳಿವೆ ಎಂಬ ಮಾತಿಗೆ ಕಚೇರಿಯಲ್ಲಿ ಆಧಾರ ಇರಲಿಲ್ಲ. ಇನ್ನು ಕೆಲವೆಡೆ ಸ್ಮಶಾನ ದಾಖಲೆಯಲ್ಲಿದೆ, ದಾರಿ ಇಲ್ಲ. ನಕಾಶೆ ಕಂಡ ದಾರಿಯನ್ನು ಅಕ್ಕಪಕ್ಕದವರು ಉತ್ತು ಹೊಲಕ್ಕೆ ಸೇರಿಸಿಕೊಂಡಿರುತ್ತಾರೆ. ಬೆಳೆ ನಿಂತ ಕಾಲದಲ್ಲಿ ಸಾವಾದರೆ ಹೆಣ ಹೊತ್ತವರು ಬದುವಿನ ಮೇಲೆ ಕಾಲು ಜಾರುತ್ತ ನಡೆಯಬೇಕು, ಇಲ್ಲವೆ ಹೊಲದವನ ಕೈಕಾಲು ಹಿಡಿಯಬೇಕು. ದಲಿತರ ಕೇರಿಯಿಂದ ಹೊರಟ ಹೆಣ ತಮ್ಮ ಹೊಲದ ಮೇಲೆ, ತಮ್ಮ ಬೀದಿಯಲ್ಲಿ ಹೋಗಕೂಡದೆಂದು ಅಡ್ಡಗಟ್ಟಿದ ಸುದ್ದಿ ವರ್ಷಾ ವರ್ಷಾ ಬರುತ್ತಲೇ ಇದೆ. 1955ರ ಅಸ್ಪೃಶ್ಯತಾ ಕಾಯ್ದೆಯೇ ಸ್ಮಶಾನಕ್ಕೆ ಹೋಗಲು ಅಡ್ಡಿ ಮಾಡುವುದನ್ನು ಅಪರಾಧವೆಂದಿತ್ತು. ಕಾನೂನು ಇದ್ದರೂ ದಾರಿಯ ಅಗಲ, ಗಡಿಯ ಗುರುತು ಕಾಗದದ ಮೇಲೆ ಇಲ್ಲದಿದ್ದಾಗ ಅಡ್ಡಗಟ್ಟಿದವನು ಜಾತಿಯ ಮಾತು ಬಿಟ್ಟು ಜಮೀನಿನ ಮಾತು ಆಡುತ್ತಾನೆ. ನನ್ನ ಹೊಲ, ನನ್ನ ಬೆಳೆ ಅನ್ನುತ್ತಾನೆ. ಅಳತೆಯ ಕಾಗದವೊಂದೇ ಆ ಮುಸುಕನ್ನು ತೆಗೆಯಬಲ್ಲದು.

ದಫ್ತರದ ಹೊರಗೆ ಇನ್ನೊಂದು ಆಕರವಿತ್ತು, ಅದು ಗುಂಡಿ ತೋಡುವವರ ತಲೆಯೊಳಗಿನ ನಕ್ಷೆ. ತೋಟಿ, ತಳವಾರ, ನೀರಗಂಟಿ ಎಂಬ ಊರ ಚಾಕರಿಯ ಕೆಲಸಗಳಲ್ಲಿ ಸಾವಿನ ಸುದ್ದಿಯನ್ನು ಊರೂರಿಗೆ ಮುಟ್ಟಿಸುವುದು, ಸೌದೆ ಒಟ್ಟುವುದು, ಗುಂಡಿ ತೆಗೆಯುವುದು, ಮುಂದೆ ತಮಟೆ ಬಡಿಯುವುದು ಬಹುತೇಕ ದಲಿತರ ಪಾಲಿಗೇ ಬಂದಿತ್ತು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದ ಆಯ, ಕೆಲವರಿಗೆ ತುಂಡು ಇನಾಂ ಭೂಮಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ಹುದ್ದೆಗಳು ಹೋದವು. ಗುಂಡಿ ತೆಗೆಯುವ ಕೆಲಸ ಮಾತ್ರ ಅದೇ ಮನೆಗಳವರ ಹೆಗಲ ಮೇಲೆ ಉಳಿಯಿತು. ಅವರಿಗಿದ್ದ ತಿಳಿವು ಸಣ್ಣದಲ್ಲ. ಯಾವ ಸಾಲಿನಲ್ಲಿ ಮಣ್ಣು ಮೆತು, ಎಲ್ಲಿ ಎರಡಡಿಗೆ ಬಂಡೆ ಸಿಗುತ್ತದೆ, ಯಾವ ಗುಂಡಿ ಎಷ್ಟು ವರ್ಷದ್ದು, ಯಾವುದನ್ನು ಇನ್ನೂ ಮುಟ್ಟಬಾರದು, ಬಸುರಿ ಬಾಣಂತಿಯರನ್ನು ಎಲ್ಲಿ ಇಟ್ಟಿದ್ದಾರೆ, ಹಸುಗೂಸುಗಳ ಸಾಲು ಯಾವುದು, ಎಲ್ಲವೂ ಅವರಿಗೆ ಗೊತ್ತಿತ್ತು. ಹತ್ತಿಪ್ಪತ್ತು ಗುಂಟೆಯಲ್ಲಿ ಒಂದು ಊರು ನೂರಾರು ವರ್ಷ ತನ್ನವರನ್ನು ಮಣ್ಣಿಗೆ ಒಪ್ಪಿಸಲು ಆದದ್ದು ಈ ತಿಳಿವಿನಿಂದ. ಹಳೆಯ ಗುಂಡಿ ಕರಗಿ ಮಣ್ಣಾದ ಮೇಲೆ ಅದೇ ಜಾಗಕ್ಕೆ ಮತ್ತೆ ಸರದಿ ಬರುತ್ತಿತ್ತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, ಅವರಿಂದ ಬಲವಂತವಾಗಿ ಗುಂಡಿ ತೋಡಿಸುವುದನ್ನೂ ಹೆಣ ಹೊರಿಸುವುದನ್ನೂ ಅಪರಾಧವೆಂದು ಸ್ಪಷ್ಟವಾಗಿ ಬರೆಯಿತು. ಅದು ಬರಬೇಕಾಗಿದ್ದ ಕಾನೂನು, ತಡವಾಗಿ ಬಂತು. ಈಗ ಜೆಸಿಬಿ ಬಂದು ಹತ್ತು ನಿಮಿಷದಲ್ಲಿ ಗುಂಡಿ ತೆಗೆದುಕೊಟ್ಟು ಹೋಗುತ್ತದೆ. ಬಿಟ್ಟಿ ಚಾಕರಿ ಹೋದದ್ದಕ್ಕೆ ಸಂತೋಷಪಡಬೇಕು. ಆ ಚಾಕರಿ ಮಾಡಿದವರಿಗಿದ್ದ ತಿಳಿವನ್ನು ಮಾತ್ರ ಅವರ ಜೊತೆಯಲ್ಲೇ ಕಳೆದುಕೊಳ್ಳಬೇಕಾಗಿಲ್ಲ. ಊರಿನ ಅರ್ಧ ಚರಿತ್ರೆಯನ್ನು ಇಟ್ಟುಕೊಂಡವರು ಅವರು. ಅವರನ್ನು ಇತಿಹಾಸಕಾರರೆಂದು ಯಾರೂ ಕೇಳಲಿಲ್ಲ.

ಈ ನೆಲದಲ್ಲಿ ಊರಿನ ಕಷ್ಟಕಾಲಗಳೂ ಪದರ ಪದರವಾಗಿ ಸೇರಿವೆ. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರ ಮೈಸೂರು ಸಂಸ್ಥಾನವನ್ನು ಹೇಗೆ ಬರಿದು ಮಾಡಿತೆಂಬುದಕ್ಕೆ ಜನಗಣತಿಯ ಎರಡು ಅಂಕಿಗಳು ಸಾಕು. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರ ಇದ್ದ ಜನ 1881ರ ಹೊತ್ತಿಗೆ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದರು. ಹುಟ್ಟಿದವರನ್ನು ಸೇರಿಸಿಕೊಂಡೂ ಇಷ್ಟು ಕಡಿಮೆ. ಇವರೆಲ್ಲ ಎಲ್ಲಿ ಮಣ್ಣಾದರು? ಅವರಿಗಾಗಿ ನೆಟ್ಟ ಕಲ್ಲು ಯಾವ ಊರಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡು ವರ್ಷದೊಳಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಹಿಡಿದು ಹಳ್ಳಿಗಳಿಗೂ ಹಬ್ಬಿತು. ಇಲಿ ಬಿದ್ದ ಸುದ್ದಿ ಬಂದರೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರೆಂದು ನಮ್ಮ ಹಿಂದಿನವರು ಹೇಳುತ್ತಿದ್ದರು. ಅಂಥ ದಿನಗಳಲ್ಲಿ ಊರ ಸ್ಮಶಾನದವರೆಗೆ ಹೊರುವವರು ಸಿಗದೆ ಎಲ್ಲೆಂದರಲ್ಲಿ ಹೂಳಿದ್ದೂ ಉಂಟು. ಹಾಗೆ ಹೂಳಿದ ಜಾಗವನ್ನು ಆಮೇಲೆ ಉಳಲು ಹೆದರಿ ಬೀಳು ಬಿಟ್ಟದ್ದೂ ಉಂಟು. 1918ರ ಇನ್‌ಫ್ಲುಯೆಂಜಾ ಬಂದಾಗಲೂ ಹಾಗೇ. ನೂರು ವರ್ಷದ ಮೇಲೆ, 2021ರ ಬೇಸಿಗೆಯಲ್ಲಿ ಕೊರೋನಾದ ಎರಡನೇ ಅಲೆ ಎದ್ದಾಗ, ಸ್ಮಶಾನಗಳು ಸಾಲದೆ ಸ್ವಂತ ಜಮೀನಿನಲ್ಲೇ ಅಂತ್ಯಕ್ರಿಯೆ ಮಾಡಿಕೊಳ್ಳಲು ಸರ್ಕಾರ ಅನುಮತಿ ಕೊಟ್ಟಿತು. ಜಮೀನಿದ್ದವರಿಗೆ ಅದು ದಾರಿಯಾಯಿತು. ಇಲ್ಲದವರಿಗೆ ಊರ ಸ್ಮಶಾನವೇ ಗತಿ, ಅಲ್ಲೂ ಸೋಂಕಿನ ಭಯದಿಂದ ಬೇಡವೆಂದವರಿದ್ದರು. ಸಾಮಾನ್ಯ ದಿನಗಳಲ್ಲಿ ಕಣ್ಣಿಗೆ ಬೀಳದ ಸಂಗತಿ ಆ ಕೆಲವು ವಾರಗಳಲ್ಲಿ ಬಯಲಾಯಿತು. ಯಾರಿಗೆ ಸ್ಮಶಾನ ಒಂದು ಅನುಕೂಲ, ಯಾರಿಗೆ ಅದು ಬಿಟ್ಟರೆ ಬೇರೆ ನೆಲವೇ ಇಲ್ಲ ಎಂಬುದು ಗೊತ್ತಾಯಿತು.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ ಗೌರವದಿಂದ ಕೇಳಬೇಕಾದದ್ದು. ಸತ್ತವರನ್ನು ಬಿಟ್ಟುಕೊಡುವುದು ನಮ್ಮ ಸಂಸ್ಕೃತಿ. ದೇಹ ಬೂದಿಯಾಗಬೇಕು, ಮಣ್ಣಾಗಬೇಕು. ಗೋರಿ ಕಟ್ಟಿ ಹೆಸರು ಕೆತ್ತಿ ಕಾಯುವುದು ನಮ್ಮ ರೀತಿಯಲ್ಲ ಎನ್ನುತ್ತಾರೆ. ಇದರಲ್ಲಿ ಒಂದು ಭಾಗ ವಸ್ತುಸ್ಥಿತಿಗೆ ಸರಿಹೊಂದುವುದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಹೂಳುವವರು ಬಹಳ. ಲಿಂಗಾಯತರು ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿ, ವಿಭೂತಿ ತುಂಬಿ ಕ್ರಿಯಾಸಮಾಧಿ ಮಾಡುತ್ತಾರೆ. ಮುಸ್ಲಿಮರು, ಕ್ರೈಸ್ತರು ಹೂಳುತ್ತಾರೆ. ದಲಿತರಲ್ಲಿ, ಹಿಂದುಳಿದ ಅನೇಕ ಸಮುದಾಯಗಳಲ್ಲಿ ಹೂಳುವುದೇ ರೂಢಿ. ಸುಡುವ ಜಾತಿಗಳಲ್ಲೂ ಎಳೆಯ ಮಕ್ಕಳನ್ನು ಹೂಳುತ್ತಾರೆ, ಸಂನ್ಯಾಸಿಗಳನ್ನು ಸಮಾಧಿ ಮಾಡುತ್ತಾರೆ. ಆಕ್ಷೇಪದ ಉಳಿದ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಗುಂಡಿಯ ಮೇಲಿನ ಮಣ್ಣು ಇಳಿದು ಸಮವಾಗುವುದು ಒಳ್ಳೆಯದು. ಈಚಿನ ವರ್ಷಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡಿದವರು ಊರ ಸ್ಮಶಾನದಲ್ಲೇ ಸಿಮೆಂಟಿನ ಕಟ್ಟೆ, ಗ್ರಾನೈಟ್ ಹಲಗೆ, ಸ್ಟೀಲಿನ ಬೇಲಿ ಹಾಕಿಸುತ್ತಿದ್ದಾರೆ. ಒಂದೊಂದು ಕಟ್ಟೆಯೂ ಸರದಿಯಿಂದ ಶಾಶ್ವತವಾಗಿ ಹೊರಗುಳಿದ ನೆಲ. ಇರುವುದೇ ಹತ್ತು ಗುಂಟೆಯಾದರೆ ಹೀಗೆ ಕಟ್ಟುತ್ತ ಹೋದಂತೆ ಬಡವನ ಗುಂಡಿಗೆ ಜಾಗ ತೀರುತ್ತದೆ. ನಾನು ಕೇಳುತ್ತಿರುವುದು ಕಲ್ಲಿನ ಮೇಲಿನ ಹೆಸರನ್ನಲ್ಲ, ಪುಸ್ತಕದಲ್ಲಿನ ಹೆಸರನ್ನು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹಳ್ಳಿಯ ಪ್ರತಿ ಸಾವೂ ದಾಖಲಾಗಬೇಕು. ಸತ್ತದ್ದು ಎಲ್ಲಿ, ವಯಸ್ಸೆಷ್ಟು, ಕಾರಣವೇನು ಎಂಬುದು ಅದರಲ್ಲಿ ಬರುತ್ತದೆ, ಎಲ್ಲಿ ಮಣ್ಣು ಮಾಡಿದರೆಂಬ ಕಾಲಂ ಇಲ್ಲ. ಊರಿನ ಮಟ್ಟದಲ್ಲಿ ಆ ಒಂದು ಕಾಲಂ ಇಟ್ಟುಕೊಂಡರೆ ದೇಹ ಮಣ್ಣಾಗುವುದಕ್ಕೆ ಯಾವ ಅಡ್ಡಿಯೂ ಇಲ್ಲ, ನೆಲದ ಮೇಲಿನ ಹಕ್ಕು ಮಾತ್ರ ಉಳಿಯುತ್ತದೆ.

ಬದುಕಿದ್ದವರಿಗೇ ಸೈಟಿಲ್ಲ, ಸತ್ತವರಿಗೆ ಯಾಕೆ ಎಕರೆಗಟ್ಟಲೆ ಎಂಬ ಮಾತೂ ಇದೆ. ಈ ಮಾತನ್ನು ಸೈಟಿಲ್ಲದವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಸ್ಮಶಾನದ ಪಕ್ಕದಲ್ಲಿ ಲೇಔಟ್ ಆಗುತ್ತಿರುವ ಕಡೆ, ಹೆದ್ದಾರಿ ಬಂದು ಎಕರೆಯ ಬೆಲೆ ಏರಿದ ಕಡೆ ಇದು ಜೋರಾಗಿ ಕೇಳಿಬರುತ್ತದೆ. ಸರದಿಯಲ್ಲಿ ಬಳಸುವ ಸ್ಮಶಾನಕ್ಕೆ ಬೇಕಾದ ನೆಲ ಬಹಳ ಕಡಿಮೆ. ಅದನ್ನು ತೆಗೆದುಕೊಂಡರೆ ಭೂಹೀನನಿಗೆ ಸೈಟು ಸಿಗುವುದಿಲ್ಲ, ಇದ್ದ ಒಂದೂ ಹೋಗುತ್ತದೆ. ಅಣೆಕಟ್ಟುಗಳ ಚರಿತ್ರೆ ಇದಕ್ಕೆ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಶರಾವತಿ ಕಣಿವೆಯ ಹಳ್ಳಿಗಳು, ಆಲಮಟ್ಟಿಯ ನೀರು ಏರಿದಂತೆ ಕೃಷ್ಣಾ ತೀರದ ಹಳ್ಳಿಗಳು ಮುಳುಗಿದವು. ಮನೆಗೆ, ಮರಕ್ಕೆ, ಬಾವಿಗೆ, ಹೊಲಕ್ಕೆ ಬೆಲೆ ಕಟ್ಟುವ ವಿಧಾನ ಇತ್ತು. ನೀರಿನ ಕೆಳಗೆ ಹೋದ ಹಿರಿಯರ ನೆಲಕ್ಕೆ ಯಾವ ಬೆಲೆ, ಯಾರ ಹೆಸರಿಗೆ? ಹೊಲ ಕಳೆದುಕೊಂಡವನ ಕೈಯಲ್ಲಿ ತೋರಿಸಲು ಪಹಣಿ ಇತ್ತು. ಹೊಲವೇ ಇಲ್ಲದವನು ಆ ಊರಿನವನು ಎಂಬುದಕ್ಕೆ ನೆಲದಲ್ಲಿದ್ದ ಗುರುತು ಅವನ ಅಪ್ಪ ಅಜ್ಜಂದಿರು ಮಲಗಿದ್ದ ಜಾಗವೇ ಆಗಿತ್ತು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಜಾತಿಯದು. ಅದನ್ನು ಎತ್ತುವವರು ನನಗೆ ಹತ್ತಿರದ ವಿಚಾರದವರು. ಹಳ್ಳಿಯಲ್ಲಿ ಸ್ಮಶಾನ ಎಂಬುದು ಒಂದೇ ಇಲ್ಲ. ಒಂದೊಂದು ಜಾತಿಗೆ ಒಂದೊಂದು ಮೂಲೆ, ದಲಿತರದು ಎಲ್ಲಕ್ಕಿಂತ ಆಚೆ, ಹಳ್ಳ ಹರಿಯುವ ಕಡೆ. ಇದನ್ನು ಅಳೆದು ಬರೆದಿಟ್ಟರೆ ಆ ವಿಂಗಡಣೆಗೇ ಸರ್ಕಾರಿ ಮುದ್ರೆ ಬೀಳುವುದಿಲ್ಲವೇ, ಎಲ್ಲವನ್ನೂ ಮರೆತು ಊರಿಗೊಂದು ಸಾಮಾನ್ಯ ರುದ್ರಭೂಮಿ ಮಾಡುವುದು ಲೇಸಲ್ಲವೇ ಎಂದು ಅವರು ಕೇಳುತ್ತಾರೆ. ಊರಿಗೊಂದೇ ಸ್ಮಶಾನ ಬೇಕೆಂಬುದು ನನ್ನ ಆಸೆಯೂ ಹೌದು. ಆದರೆ ಮರೆವಿನ ಮೇಲೆ ಸಮಾನತೆ ಕಟ್ಟಲು ಹೊರಟಾಗ ನಡೆಯುವುದನ್ನು ನೋಡಿದ್ದೇವೆ. ಹೊಸ ಸಾಮಾನ್ಯ ಸ್ಮಶಾನ ಘೋಷಣೆಯಾಗುತ್ತದೆ, ನರೇಗಾ ಹಣದಲ್ಲಿ ಕಾಂಪೌಂಡು ಏಳುತ್ತದೆ, ಒಳಗೆ ಮೊದಲ ಹೆಣ ಯಾರದು ಎಂಬಲ್ಲಿ ಜಗಳ ಹತ್ತುತ್ತದೆ. ಬಲವಿದ್ದವರು ತಮ್ಮ ತಮ್ಮ ಹೊಲಗಳಿಗೆ ಹೋಗುತ್ತಾರೆ, ಬಲವಿಲ್ಲದವರ ಹಳೆಯ ಜಾಗ ಅಷ್ಟರಲ್ಲಿ ‘ಬಳಕೆಯಲ್ಲಿಲ್ಲ’ ಎಂದು ಬೇರೆ ಕೆಲಸಕ್ಕೆ ಹೋಗಿರುತ್ತದೆ. ಯಾರಿಗೆ ಎಷ್ಟು ನೆಲವಿತ್ತು, ಯಾರನ್ನು ಎಲ್ಲಿಗೆ ತಳ್ಳಿದ್ದರು, ಯಾರ ದಾರಿ ಯಾವಾಗ ಮುಚ್ಚಿತು ಎಂಬ ದಾಖಲೆ ಇದ್ದರೆ ಮಾತ್ರ ಹೊಸ ಸ್ಮಶಾನದಲ್ಲಿ ಸಮಪಾಲು ಕೇಳಲು ಆಗುತ್ತದೆ. ಅನ್ಯಾಯದ ಲೆಕ್ಕವನ್ನು ಹರಿದುಹಾಕಿದರೆ ಲಾಭ ಅನ್ಯಾಯ ಮಾಡಿದವನಿಗೇ. ಆ ಲೆಕ್ಕ ಬರೆದರೆ ಹಳೆಯ ಗಾಯ ಕೆದಕಿದಂತೆ ಎನ್ನುವವರಿಗೂ ನನ್ನ ಉತ್ತರ ಇದೇ. ಗಾಯ ಆರಿಲ್ಲ. ಹೆಣವನ್ನು ಅಡ್ಡಗಟ್ಟಿದ ಸುದ್ದಿ ಬರುತ್ತಿರುವವರೆಗೆ ಅದನ್ನು ಹಳೆಯದೆಂದು ಕರೆಯಲಾಗದು.

2019ರಲ್ಲಿ ಕರ್ನಾಟಕ ಹೈಕೋರ್ಟು ಸ್ಮಶಾನವಿಲ್ಲದ ಹಳ್ಳಿಗಳಿಗೆ ಜಾಗ ಒದಗಿಸಬೇಕೆಂದು ಸರ್ಕಾರಕ್ಕೆ ಆದೇಶ ಮಾಡಿತು. ಅದು ಪಾಲನೆಯಾಗಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿ ಬಂದು, ವರ್ಷಗಟ್ಟಲೆ ವಿಚಾರಣೆ ನಡೆಯಿತು. ಅದರ ಒತ್ತಡದಲ್ಲಿ ಎಷ್ಟೋ ಊರುಗಳಿಗೆ ಜಾಗ ಮಂಜೂರಾಗಿದೆ, ಸರ್ಕಾರಿ ನೆಲ ಇಲ್ಲದ ಕಡೆ ಖಾಸಗಿಯವರಿಂದ ಕೊಂಡುಕೊಡುವ ಏರ್ಪಾಡೂ ಇದೆ. ಇದು ದೊಡ್ಡ ಕೆಲಸ. ಆದರೆ ಮಂಜೂರಾದದ್ದು ಕಾಗದದ ಮೇಲಿನ ಸರ್ವೆ ನಂಬರು. ಅದು ಬಂಡೆಯೋ, ಹಳ್ಳವೋ, ಊರಿನಿಂದ ಎಷ್ಟು ದೂರವೋ, ದಾರಿ ಯಾರ ಹೊಲದಲ್ಲಿದೆಯೋ ಎಂದು ನೋಡಬೇಕಾದವರು ಊರವರು. ಅದಕ್ಕಿಂತ ಮುಖ್ಯವಾಗಿ, ಜನ ಈಗಾಗಲೇ ಹೂಳುತ್ತಿರುವ ಹಳೆಯ ಜಾಗವನ್ನು ಬಿಟ್ಟು ಹೊಸದನ್ನು ಕೊಟ್ಟರೆ ಹಳೆಯದರ ಗತಿ ಏನು? ನನ್ನ ಮಟ್ಟಿಗೆ ಕ್ರಮ ಹೀಗಿರಬೇಕು. ಗ್ರಾಮ ಪಂಚಾಯಿತಿ ಗ್ರಾಮಸಭೆಯಲ್ಲಿ ತೀರ್ಮಾನ ಮಾಡಿ, ಬಳಕೆಯಲ್ಲಿರುವ ಮತ್ತು ಹಿಂದೆ ಬಳಕೆಯಲ್ಲಿದ್ದ ಎಲ್ಲ ಹೂಳುವ ಜಾಗಗಳಿಗೂ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಅಳತೆಯ ದಿನ ಸರ್ವೆಯರ್ ಜೊತೆ ನಡೆಯಬೇಕಾದವರು ಪಕ್ಕದ ಹೊಲದ ಮಾಲೀಕರಷ್ಟೇ ಅಲ್ಲ. ಗುಂಡಿ ತೆಗೆದ ಮನೆತನಗಳ ವಯಸ್ಸಾದವರೂ ನಡೆಯಬೇಕು, ಆ ದಿನದ ಕೂಲಿ ಅವರಿಗೆ ಪಂಚಾಯಿತಿಯಿಂದ ಸಲ್ಲಬೇಕು, ಅವರು ತೋರಿಸಿದ ಗುರುತುಗಳು ಅವರ ಹೆಸರಿನ ಸಮೇತ ನಡಾವಳಿಯಲ್ಲಿ ಬರಬೇಕು. ನಕಾಶೆ ಕಂಡ ದಾರಿಯನ್ನು ಅಂದೇ ಬಿಡಿಸಿ ಕಲ್ಲು ಹಾಕಿಸಬೇಕು. ಗೋಮಾಳವೆಂದಿರುವ ಕಡೆ ಎಷ್ಟು ಗುಂಟೆ ಸ್ಮಶಾನವೋ ಅಷ್ಟನ್ನು 71ನೇ ಕಲಮಿನಡಿ ಕಾದಿರಿಸಿ ಪಹಣಿಗೆ ತರಬೇಕು. ಇದಕ್ಕೆ ಬೇಸಿಗೆಯೇ ಸರಿಯಾದ ಕಾಲ; ಮುಂಗಾರು ಬಿದ್ದು ಹುಲ್ಲು, ತಂಗಡಿ ಎದ್ದ ಮೇಲೆ ಹಳೆಯ ಗುಂಡಿಗಳ ಸಾಲು ಆ ವಯಸ್ಸಾದವರಿಗೂ ಹೊಳೆಯುವುದಿಲ್ಲ. ನಮ್ಮ ಕಡೆ ಆ ಸಾಲುಗಳನ್ನು ಬೆರಳು ತೋರಿಸಿ ಹೇಳಬಲ್ಲವರು ಪ್ರತಿ ಊರಿನಲ್ಲೂ ಇಬ್ಬರೋ ಮೂವರೋ ಉಳಿದಿದ್ದಾರೆ, ಬಹುಪಾಲು ಎಪ್ಪತ್ತು ದಾಟಿದವರು.